ಎಂಟನೇ ತರಗತಿಯ ಆಚೆಯ ಊಟ

ಸನ್ನತಿ ಎಂದೊಡನೆ ಚಂದ್ರಲಾಂಬೆಯ ಗುಡಿ, ಕನಗನಹಳ್ಳಿಯ ಸ್ತೂಪ, ಅಶೋಕನ ಶಾಸನ ನೆನಪಾಗುತ್ತವೆ. ಭೀಮಾ ದಂಡೆಯ ಈ ಸೀಮೆಗೆ ಇನ್ನೊಂದು ಚರಿತ್ರೆಯೂ ಉಂಟು. ಅದು ಶಾಲೆಯ ಅಡುಗೆಮನೆಯದು. ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಒಳಗೊಂಡ ಅಂದಿನ ಗುಲ್ಬರ್ಗ ಜಿಲ್ಲೆಯು, 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಒಂದು.

ಅದಕ್ಕೂ ಮುಂಚೆ, 1995ರ ಯೋಜನೆಯಂತೆ, ಹಾಜರಿ ಶೇ 80 ಇದ್ದ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯ ಸಿಗುತ್ತಿತ್ತು. ಮನೆ ಸೇರಿದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಮಗುವಿನ ಹೊಟ್ಟೆಗೆ ಎಷ್ಟು ಬಿತ್ತೆಂದು ಕೇಳುವವರಿರಲಿಲ್ಲ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2001ರ ನವೆಂಬರ್ 28ರಂದು.

ಆದರೆ ಅದು ಪ್ರಾಥಮಿಕ ಶಾಲೆಯ ಮಾತಾಯಿತು. ಕೇಂದ್ರದ ಯೋಜನೆ ಇಂದಿಗೂ ಎಂಟನೇ ತರಗತಿಗೆ ನಿಲ್ಲುತ್ತದೆ. ವಿಚಿತ್ರವೆಂದರೆ, ದೇಹ ಹೆಚ್ಚು ಬೇಡುವುದು ಅಲ್ಲಿಂದಾಚೆಗೇ. ಹದಿಮೂರು ಹದಿನಾಲ್ಕರ ಹುಡುಗಿಗೆ ಮೈ ಬೆಳೆಯುವುದೂ ಮುಟ್ಟು ಆರಂಭವಾಗುವುದೂ ಹೆಚ್ಚುಕಡಿಮೆ ಒಂದೇ ಕಾಲ. ಕಬ್ಬಿಣದ ಅಂಶ ಸಾಲದೆ ರಕ್ತಹೀನತೆ ಬರುವುದು, ಪಾಠ ಕೇಳುವಾಗ ಕಣ್ಣು ಮಂಜಾಗುವುದು ಈ ವಯಸ್ಸಿನಲ್ಲೇ. ಹೈಸ್ಕೂಲು ಪಕ್ಕದ ಊರಿನಲ್ಲಿದ್ದರಂತೂ ಬೆಳಿಗ್ಗೆ ಬರೀ ಚಹಾ ಕುಡಿದು ಹೊರಟವಳಿಗೆ ಮಧ್ಯಾಹ್ನದ ತಟ್ಟೆಯೇ ಮೊದಲ ಊಟ. ಒಂಬತ್ತು, ಹತ್ತನೇ ತರಗತಿಗೆ ಬಿಸಿಯೂಟ ಬಂದದ್ದು 2007-08ರಲ್ಲಿ, ರಾಜ್ಯ ಸರ್ಕಾರ ತನ್ನದೇ ಹಣ ಹಾಕಿದ್ದರಿಂದ.

ಮೊಟ್ಟೆಯೂ ದೊಡ್ಡ ಮಕ್ಕಳಿಗೆ ತಡವಾಗಿಯೇ ಬಂತು. 2021ರ ಡಿಸೆಂಬರ್‌ನಲ್ಲಿ ಕಲಬುರಗಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಎಂಟನೇ ತರಗತಿಯವರೆಗೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೆ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಾದರೆ ಬಾಳೆಹಣ್ಣಿನಲ್ಲಿ ಒಂದು ಗ್ರಾಮಿನ ಆಸುಪಾಸು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಒಂಬತ್ತು, ಹತ್ತನೆಯವರ ಸರದಿ ಬಂದದ್ದು 2023ರಲ್ಲಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಕೊಡುವ ಏರ್ಪಾಡಾದದ್ದು 2024ರಲ್ಲಿ.

ಇನ್ನು ಅನ್ನದ ಪ್ರಶ್ನೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಣ್ಣುವ ಸೀಮೆಯ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಹೆಚ್ಚಾಗಿ ಅನ್ನ, ಸಾಂಬಾರು. ಆಹಾರ ನಿಗಮದಿಂದ ಅಕ್ಕಿ ಬರುತ್ತದೆಂಬುದು ಒಂದು ಕಾರಣ. ಇನ್ನೊಂದು ಕಾರಣ ತೀರಾ ಸರಳ: ಮುನ್ನೂರು ಮಕ್ಕಳಿಗೆ ರೊಟ್ಟಿ ಬಡಿಯಲು ಮೂವರು ಅಡುಗೆಯವರ ಕೈ ಸಾಲದು. ಪುಂಡಿಪಲ್ಯಕ್ಕೆ ಮಾತ್ರ ಆ ಅಡ್ಡಿಯಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿಬೇಳೆಯೊಡನೆ ಅದನ್ನು ಒಂದೇ ಪಾತ್ರೆಯಲ್ಲಿ ಬೇಯಿಸಬಹುದು. ಈ ಭಾಗದ ಮನೆಗಳಲ್ಲಿ ಮಾಡುವುದೂ ಹಾಗೆಯೇ.