ಕಲ್ಯಾಣಪ್ಪನ ದಂಡು ನಡೆದ ದಾರಿಯಲ್ಲಿ ಒಮ್ಮೆ ನಡೆದರೆ...

ಯಕ್ಷಗಾನದ ರಂಗಸ್ಥಳದಲ್ಲಿ ಯುದ್ಧ ನೋಡಿ ಬೆಳೆದ ಮಕ್ಕಳಿಗೆ ಪುತ್ತೂರು, ಸುಳ್ಯ, ಕಡಬದ ಕಡೆ ಕೊರತೆಯಿಲ್ಲ. ಆದರೆ ತಮ್ಮ ಊರಿನ ದಾರಿಯಲ್ಲೇ ನಿಜವಾದ ದಂಡೊಂದು ಸಾಗಿತ್ತೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು?

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಹೋದವು. ಅದುವರೆಗೆ ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲಿಸುತ್ತಿದ್ದ ರೈತ ಇನ್ನು ಮುಂದೆ ನಗದು ಹಣ ಕಟ್ಟಬೇಕಾಯಿತು. ಅಸಮಾಧಾನ ಹೊಗೆಯಾಡಿ, 1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ದಂಗೆಯಾಗಿ ಹೊತ್ತಿಕೊಂಡಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಪುತ್ತೂರಿಗೆ ಬಂದ ಕಲೆಕ್ಟರ್ ಲೆವಿನ್ ಹಿಮ್ಮೆಟ್ಟಿದ. ಏಪ್ರಿಲ್ 5ರಂದು ದಂಡು ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ಸುಮಾರು ಎರಡು ವಾರಗಳಲ್ಲಿ ಕಂಪನಿ ಸೈನ್ಯ ದಂಗೆಯನ್ನು ಅಡಗಿಸಿತು.

ಪಾಠಪುಸ್ತಕವಾದರೆ ಇಷ್ಟಕ್ಕೆ ಮುಗಿಯುತ್ತದೆ. ವಿದೇಶಗಳಲ್ಲಿ ಹೀಗೆ ಮುಗಿಸುವುದಿಲ್ಲ. 2015ರಲ್ಲಿ ವಾಟರ್‌ಲೂ ಕದನದ ಇನ್ನೂರನೇ ವರ್ಷಕ್ಕೆ ಹಲವು ದೇಶಗಳ ಸಾವಿರಾರು ಮಂದಿ ಅಂದಿನ ಉಡುಪು ತೊಟ್ಟು, ಅಂದಿನ ಬಂದೂಕು ಹೊತ್ತು ಬೆಲ್ಜಿಯಂನಲ್ಲಿ ಕದನವನ್ನು ಮರುನಟಿಸಿದರು. ಇದು ಬರಿಯ ಜಾತ್ರೆಯಲ್ಲ, ಒಂದು ಬಗೆಯ ಪ್ರಯೋಗ. ಅಂದಿನ ಕೋವಿಯ ತೂಕ ಸುಮಾರು ನಾಲ್ಕೂವರೆ ಕಿಲೋ. ನುರಿತ ಸಿಪಾಯಿಯೂ ನಿಮಿಷಕ್ಕೆ ಮೂರು ಗುಂಡಿಗಿಂತ ಹೆಚ್ಚು ಹಾರಿಸಲಾರ. ಮಳೆ ಹನಿದು ಮದ್ದು ಒದ್ದೆಯಾದರೆ ಅದೂ ಇಲ್ಲ. ಕೈಯಲ್ಲಿ ಹಿಡಿದವನಿಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮಲ್ಲಿ ಮದ್ದುಗುಂಡು ಬೇಡ, ಮರದ ಕೋವಿಯೇ ಸಾಕು. ಸುಳ್ಯದಿಂದ ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು ದಾಟಿ ಮಂಗಳೂರಿಗೆ ಇಂದಿನ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಒಂದು ವಾರಕ್ಕೆ ಹಂಚಿದರೆ ದಿನಕ್ಕೆ 13 ಕಿ.ಮೀ. ಕಾಗದದ ಮೇಲೆ ಇದು ಸುಲಭ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಒಂದೇ ದಿನದ ಹಾದಿ ನಡೆದ ವಿದ್ಯಾರ್ಥಿಯ ಮೊದಲ ಪ್ರಶ್ನೆ, ‘ನೀರು ಎಲ್ಲಿ?’ ಎರಡನೆಯದು, ‘ಊಟ?’ ದಂಡಿನಲ್ಲಿ 500 ಜನ, ತಲೆಗೆ ಅರ್ಧ ಕಿಲೋ ಅಕ್ಕಿ ಎಂದು ಭಾವಿಸಿದರೂ ದಿನಕ್ಕೆ 250 ಕಿಲೋ, ಅಂದರೆ ಐದು ಮೂಟೆ. ಅದನ್ನು ಕೊಟ್ಟವರಾರು? ಮನಸಾರೆ ಕೊಟ್ಟರೆ, ಹೆದರಿ ಕೊಟ್ಟರೆ?

ಇಲ್ಲಿಯೇ ಇತಿಹಾಸ ಆರಂಭವಾಗುತ್ತದೆ. ಈ ದಂಗೆಗೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಇಂದು ಅದೇ ದಂಗೆಯನ್ನು ಸ್ವಾತಂತ್ರ್ಯ ಸಮರವೆಂದು ಗೌರವಿಸಲಾಗುತ್ತಿದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಎರಡು ಹೆಸರಿನ ನಡುವಿನ ದೂರವನ್ನು ಮಕ್ಕಳು ತಾವೇ ಅಳೆಯಬೇಕು.

ಮರುನಟನೆಗೆ ಇನ್ನೊಂದು ತೊಡಕಿದೆ. ರಾಮಯ್ಯ ಗೌಡರ ಪಾತ್ರ ಎಲ್ಲರಿಗೂ ಬೇಕು. ಕಂಪನಿ ಸಿಪಾಯಿಯ ಪಾತ್ರ ಯಾರಿಗೆ? ಆ ಸಿಪಾಯಿಯೂ ಸಂಬಳಕ್ಕೆ ದುಡಿದ ಭಾರತೀಯನೇ. ಆ ಪಾತ್ರ ವಹಿಸಿದ ಹುಡುಗ ಬಹುಶಃ ಉಳಿದವರಿಗಿಂತ ಹೆಚ್ಚು ಕಲಿತಾನು. ಇನ್ನು ಕಲ್ಯಾಣಸ್ವಾಮಿ? ಹಾಲೇರಿ ರಾಜವಂಶದವನೆಂದು ಜನರ ಮುಂದೆ ನಿಂತವನು ಪುಟ್ಟಬಸಪ್ಪ. ಅದೂ ಒಂದು ವೇಷವೇ. ಆದರೆ ಆ ವೇಷವನ್ನು ಚೌಕಿಯಲ್ಲಿ ಕಳಚುವಂತಿರಲಿಲ್ಲ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ನಟನೆ ಎಷ್ಟೇ ಚೆನ್ನಾಗಿರಲಿ, ಸಾವಿನ ಭಯವನ್ನು ಅದು ಮರಳಿ ತರಲಾರದು. ಸಂಜೆ ಮಕ್ಕಳು ಬಸ್ಸು ಹತ್ತಿ ಮನೆಗೆ ಬರುತ್ತಾರೆ. ಅಂದು ಹೊರಟವರಲ್ಲಿ ಹಲವರು ಮರಳಲಿಲ್ಲ. ಈ ವ್ಯತ್ಯಾಸವನ್ನು ಮನೆಯಲ್ಲಿ ಊಟದ ಹೊತ್ತಿಗೆ ಹೆತ್ತವರು ಒಮ್ಮೆ ನೆನಪಿಸಿದರೆ ಪಾಠ ಪೂರ್ಣವಾದೀತು.