ಶೇಷಗಳ ವಹಿ: ಎಷ್ಟು ಸಂಖ್ಯೆಗಳು ಸಾಕು?

ಹತ್ತನೆಯ ತರಗತಿಯ ನಂತರದ ಗಣಿತ ಕನ್ನಡದಲ್ಲಿ ತಿಳಿದೀತೇ ಎಂದು ಅಕ್ಕಲಕೋಟೆ, ಸೊಲ್ಲಾಪುರಗಳ ಪಾಲಕರು ನಮ್ಮನ್ನು ಮತ್ತೆ ಮತ್ತೆ ಕೇಳುತ್ತಾರೆ. ಉತ್ತರವಾಗಿ, ಪದವಿಯನ್ನೂ ದಾಟಿದ ವಿಷಯವೊಂದನ್ನು ಇಲ್ಲಿ ಇಡುತ್ತೇವೆ. ಭಾಗಾಕಾರ ಬಂದರೆ ಸಾಕು.

3ರ ಘಾತಗಳು 3, 9, 27, 81. ಅವುಗಳ ಕೊನೆಯ ಅಂಕಿಗಳು 3, 9, 7, 1. 10ರೊಡನೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಶೇಷಗಳು ಈ ನಾಲ್ಕೇ. 3 ಒಂದೇ ಎಲ್ಲವನ್ನೂ ಮುಟ್ಟಿತು. ಭಾಜಕ 100 ಆದರೆ ಅಂಥ ಶೇಷಗಳು 40. 3ರ ಇಪ್ಪತ್ತನೆಯ ಘಾತ 3,48,67,84,401; ಅಲ್ಲಿಗೆ ಶೇಷ ಮರಳಿ 1 ಆಗುತ್ತದೆ. ಮುಟ್ಟಿದ್ದು 20 ಮಾತ್ರ, 99 ಸಿಗುವುದಿಲ್ಲ. 99ನ್ನೂ ಜೊತೆಗಿಟ್ಟು ಗುಣಿಸಿದರೆ ನಲವತ್ತೂ ದೊರೆಯುತ್ತವೆ. ಭಾಜಕ 1000ಕ್ಕೆ ಯಾವ ಎರಡು ಸಂಖ್ಯೆಗಳೂ ಸಾಲವು, ಮೂರು ಬೇಕು. ಮೊದಲಿನ ಎರಡನ್ನು ಮಕ್ಕಳಿಂದ ಕೈಯಾರೆ ಮಾಡಿಸಿರಿ.

ಈಗ ಎಲ್ಲ ಭಾಜಕಗಳನ್ನೂ ಒಮ್ಮೆಗೇ ತೆಗೆದುಕೊಳ್ಳೋಣ. ಅಡತಿ ಅಂಗಡಿಯ ವಹಿಯಂತೆ ಒಂದು ವಹಿ. ಪ್ರತಿ ಭಾಜಕಕ್ಕೆ ಒಂದು ಪುಟ, ಪುಟಕ್ಕೊಂದು ಶೇಷ. ಪುಟಗಳು ತಾಳೆಯಾಗಬೇಕು: 12ರ ಪುಟದಲ್ಲಿ 7 ಇದ್ದರೆ 4ರ ಪುಟದಲ್ಲಿ 3 ಇರಲೇಬೇಕು. ಇಂಥ ವಹಿಗೇ ಪ್ರೊಫೈನೈಟ್ ಪೂರ್ಣಾಂಕವೆಂದು ಹೆಸರು. ಯಾವ ಪುಟದಲ್ಲಿಯೂ ಶೇಷಕ್ಕೂ ಭಾಜಕಕ್ಕೂ ಸಾಮಾನ್ಯ ಅಪವರ್ತನವಿಲ್ಲದಿದ್ದರೆ ಅದು ಏಕಕ. ಸಾಧಾರಣ ಪೂರ್ಣಾಂಕಗಳಲ್ಲಿ 1 ಮತ್ತು −1 ಮಾತ್ರ ಏಕಕಗಳು, ವಹಿಗಳಲ್ಲಿಯಾದರೋ ಅಸಂಖ್ಯ.

ಬೇರೆ ಬೇರೆ ಪುಟಗಳನ್ನು ಜೋಡಿಸುವ ವಿದ್ಯೆ ನಮ್ಮ ನೆರೆಯದೇ. 3ರ ಪುಟದ 2, 5ರ ಪುಟದ 4 ಸೇರಿದರೆ 15ರ ಪುಟದಲ್ಲಿ 14. ಇದು ಕುಟ್ಟಕ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಅಮೋಘವರ್ಷನು ಆಳುತ್ತಿದ್ದ 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ವಿವರಿಸಿದನು. ಅದು ಸಂಸ್ಕೃತ ಗ್ರಂಥ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡಕ್ಕೆ ಗಣಿತ ಹೊಸತೆನ್ನುವವರಿಗೆ ಇಷ್ಟು ಸಾಕು.

ಏಕಕಗಳ ಒಂದು ಉಪಗುಂಪನ್ನು ‘ಸಾಂದ್ರ’ವೆನ್ನುವುದು ಯಾವಾಗ? ಯಾವ ಪುಟವನ್ನು ತೆರೆದು ಯಾವ ಅರ್ಹ ಶೇಷವನ್ನು ಕೇಳಿದರೂ ಅದನ್ನು ತೋರಿಸುವ ವಹಿಯೊಂದು ಗುಂಪಿನಲ್ಲಿದ್ದಾಗ. ಮೂರು ಏಕಕ ವಹಿಗಳನ್ನು ಬೇಕಾದಷ್ಟು ಸಲ ಗುಣಿಸಿ, ಭಾಗಿಸಿ ಅಂಥ ಗುಂಪನ್ನು ಕಟ್ಟಬಹುದೇ?

ಸಾಧ್ಯವಿಲ್ಲ. 5ರ ಪುಟದಲ್ಲಿ 1, 4 ವರ್ಗಗಳ ಶೇಷಗಳು. 2, 3 ಅಲ್ಲ. ಪ್ರತಿ ಬೆಸ ಅವಿಭಾಜ್ಯದ ಪುಟದಲ್ಲಿಯೂ ಹೀಗೆ ಎರಡು ಪಂಗಡಗಳಿವೆ. ವರ್ಗವಲ್ಲದವೆರಡನ್ನು ಗುಣಿಸಿದರೆ ವರ್ಗವೇ ಬರುತ್ತದೆ. ಆದ್ದರಿಂದ ಒಂದು ವಹಿಯನ್ನು ಬೆಸ ಸಲ ಬಳಸಿದೆವೋ ಸರಿ ಸಲವೋ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಮೂರು ವಹಿಗಳಿಂದ ಹೆಚ್ಚೆಂದರೆ 8 ವಿನ್ಯಾಸಗಳು. 3, 5, 7, 11 ಈ ನಾಲ್ಕು ಪುಟಗಳಿಗೆ 16 ಬೇಕು. ಕುಟ್ಟಕದಿಂದ ಹದಿನಾರೂ 1155ರ ಪುಟದಲ್ಲಿ ಇದ್ದೇ ಇವೆ. ನೂರು ವಹಿಗಳನ್ನು ತಂದರೆ ನೂರೊಂದು ಅವಿಭಾಜ್ಯಗಳನ್ನು ಎದುರಿಗಿಡಬಹುದು.

ಅನಂತ ವಹಿಗಳಿಗೆ ಒಪ್ಪಿದರೆ ದಾರಿಯುಂಟು. ಕೆಲವೇ ಅವಿಭಾಜ್ಯಗಳನ್ನು ಬಿಟ್ಟು ಉಳಿದೆಲ್ಲವುಗಳ ಘಾತಗಳ ಪುಟಗಳಲ್ಲಿ 1 ಎಂದಿರುವ ಏಕಕ ವಹಿಗಳನ್ನೆಲ್ಲ ಕೂಡಿಸಿರಿ. ಯಾವ ಭಾಜಕದಲ್ಲಿಯೂ ಅವಿಭಾಜ್ಯಗಳು ಕೆಲವೇ ಇರುವುದರಿಂದ ಈ ಗುಂಪು ಸಾಂದ್ರ. ಆದರೂ ಇದರಲ್ಲಿ ಎಲ್ಲ ಏಕಕಗಳಿಲ್ಲ: ನಮ್ಮ ಚಿರಪರಿಚಿತ −1 ಇದರ ಹೊರಗೇ ಉಳಿಯುತ್ತದೆ.