ಆರು ಭೇಟಿಯ ಪಾಠ

ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ಗರ್ಭಕೋಶ ಬಿಗಿಯುತ್ತಿದ್ದಂತೆ ಒಂದು ಕೈ ಕಿಬ್ಬೊಟ್ಟೆಯ ಮೇಲಿಟ್ಟು ಆಸರೆ ಕೊಡುತ್ತ, ಇನ್ನೊಂದು ಕೈಯಲ್ಲಿ ಹೊಕ್ಕುಳಬಳ್ಳಿಯನ್ನು ಹದವಾಗಿ ಎಳೆದು ಮಾಸು ಹೊರತೆಗೆಯಬೇಕು. ಆಮೇಲೂ ಗರ್ಭಕೋಶ ಗಟ್ಟಿಯಾಗಿಯೇ ಇದೆಯೇ ಎಂದು ಆಗಾಗ ಮುಟ್ಟಿ ನೋಡುತ್ತಿರಬೇಕು. ಇಷ್ಟು ಸರಿಯಾಗಿ ನಡೆದರೆ ಹೆರಿಗೆಯ ನಂತರ ತಾಯಿ ವಿಪರೀತ ರಕ್ತ ಕಳೆದುಕೊಳ್ಳುವ ಅಪಾಯ ಬಹಳ ತಗ್ಗುತ್ತದೆ. ನರ್ಸಿಂಗ್ ಪಠ್ಯದಲ್ಲಿ ಇದೆಲ್ಲ ಇದೆ, ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಬರುತ್ತದೆ.

ಆದರೂ 2013ರ ಆಗಸ್ಟ್‌ನಲ್ಲಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 54 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಟಾಫ್ ನರ್ಸ್‌ಗಳನ್ನು ಕೇಳಿದಾಗ, ಇದನ್ನು ಸರಿಯಾಗಿ ಹೇಳಿದವರು ನೂರಕ್ಕೆ 36 ಮಂದಿ. ಇವರಿಗೆ ತರಬೇತಿ ಸಿಕ್ಕಿರಲಿಲ್ಲ ಎನ್ನುವಂತಿಲ್ಲ, ಸಿಕ್ಕಿತ್ತು. ಅದೇ ಎರಡು ಜಿಲ್ಲೆಗಳ ಬೇರೆ 54 ಕೇಂದ್ರಗಳಲ್ಲಿ ಅದೇ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರು ನೂರಕ್ಕೆ 82 ಮಂದಿ. ಎರಡೂ ಗುಂಪಿಗೆ ತರಬೇತಿ ಒಂದೇ, ಹೊಸದಾಗಿ ರೂಪಿಸಿದ ಕೇಸ್ ಶೀಟ್ ಕೂಡ ಒಂದೇ. ಎರಡನೇ ಗುಂಪಿಗೆ ಹೆಚ್ಚಾಗಿ ಸಿಕ್ಕಿದ್ದು, ಅವರು ಕೆಲಸ ಮಾಡುವ ಜಾಗಕ್ಕೇ ಬಂದ ಇನ್ನೊಬ್ಬ ನರ್ಸ್‌ನ ಆರು ಭೇಟಿಗಳು.

ನರ್ಸಿಂಗ್ ಶಿಕ್ಷಣದಲ್ಲಿ ಅಂತಾರಾಷ್ಟ್ರೀಯ ಸಹಭಾಗಿತ್ವ ಎಂದೊಡನೆ ನಮ್ಮ ಕಣ್ಣಿಗೆ ಬರುವ ಚಿತ್ರವೇ ಬೇರೆ: ಒಡಂಬಡಿಕೆಯ ಕಡತ ಹಿಡಿದು ನಿಂತ ಪ್ರಾಂಶುಪಾಲರು, ಹೆಗಲಿಗೆ ಶಾಲು ಹೊದ್ದ ವಿದೇಶಿ ಅತಿಥಿ, ಹಿಂದೊಂದು ಬ್ಯಾನರ್. ಅವುಗಳಲ್ಲಿ ಎಷ್ಟು ಒಡಂಬಡಿಕೆಗಳು ಆ ಫೋಟೊದಿಂದ ಆಚೆ ಬದುಕುತ್ತವೆಯೋ! ಬಳ್ಳಾರಿ–ಕಲಬುರಗಿಯ ಆ ಪ್ರಯೋಗವೂ ಅಂತಾರಾಷ್ಟ್ರೀಯ ಸಹಭಾಗಿತ್ವದ್ದೇ. 'ಸುಕ್ಷೇಮ' ಎಂಬ ಈ ಯೋಜನೆಗೆ ಹಣ ಕೊಟ್ಟಿದ್ದು ಗೇಟ್ಸ್ ಪ್ರತಿಷ್ಠಾನ. ಕೆಲಸ ಮಾಡಿದವರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಗಳು ಇದ್ದವು. ಬೀದರ್‌ನಿಂದ ಬಳ್ಳಾರಿಯವರೆಗೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳು ಇದರ ವ್ಯಾಪ್ತಿ.

ಚಳಿಗೆ ಹೆಸರಾದ ವಿನಿಪೆಗ್ ನಗರದ ಈ ಮ್ಯಾನಿಟೋಬಾ ವಿಶ್ವವಿದ್ಯಾಲಯಕ್ಕೂ ಕಲಬುರಗಿಯ ಬಿಸಿಲಿಗೂ ನಂಟು ಬೆಳೆದದ್ದು ನೈರೋಬಿಯ ದಾರಿಯಾಗಿ. ಮ್ಯಾನಿಟೋಬಾದ ಸಂಶೋಧಕರು 1980ರಿಂದ ನೈರೋಬಿ ವಿಶ್ವವಿದ್ಯಾಲಯದ ಜೊತೆ ಲೈಂಗಿಕ ಸೋಂಕುಗಳ ಬಗ್ಗೆ, ಮುಂದೆ ಎಚ್‌ಐವಿ ಬಗ್ಗೆ ಕೆಲಸ ಮಾಡಿದವರು. 2001ರ ಸುಮಾರಿಗೆ ಎಚ್‌ಐವಿ ಯೋಜನೆಯೊಂದರ ಮೂಲಕ ಕರ್ನಾಟಕಕ್ಕೆ ಬಂದರು. ಇಲ್ಲಿ ಟ್ರಸ್ಟ್ ಹುಟ್ಟಿತು, ಇಲ್ಲಿನವರೇ ಅದರಲ್ಲಿ ಬೆಳೆದರು. ತಾಯಿ–ಮಗುವಿನ ಆರೋಗ್ಯದ ಕೆಲಸಕ್ಕೆ ಇಳಿಯುವ ಹೊತ್ತಿಗೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಿಂದ ಹಳ್ಳಿಯ ಆಸ್ಪತ್ರೆಯವರೆಗೆ ಪರಿಚಯವಿತ್ತು. ಮೂರು ವರ್ಷದ ಅನುದಾನ ಮುಗಿದೊಡನೆ ಗಂಟುಮೂಟೆ ಕಟ್ಟುವವರಿಂದ ಇಂಥ ಕೆಲಸ ಆಗದು ಎಂದೇ ನನ್ನ ಅನಿಸಿಕೆ.

ಮೆಂಟರ್ ಎಂದು ಕರೆಸಿಕೊಂಡ ಆ ನರ್ಸ್ ಮಾಡುತ್ತಿದ್ದುದೇನು? 24 ಗಂಟೆ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಹೆರಿಗೆ ಕೋಣೆಯನ್ನು ನೆನಪಿಸಿಕೊಳ್ಳಿ. 2005ರ ನಂತರ ಜನನಿ ಸುರಕ್ಷಾ ಯೋಜನೆಯಿಂದಾಗಿ ಮನೆಯ ಹೆರಿಗೆಗಳು ಆಸ್ಪತ್ರೆಗೆ ಬಂದವು. ರಾತ್ರಿ ಪಾಳಿಯಲ್ಲಿ ಆ ಕೋಣೆಯ ಹೊಣೆ ಹೆಚ್ಚಾಗಿ ಒಬ್ಬಳೇ ಸಿಸ್ಟರ್‌ನದು. ಓದುವಾಗ ಆಕೆ ನಿಂತು ನೋಡಿದ ಹೆರಿಗೆಗಳು ಬೇಕಾದಷ್ಟು, ಕೈಯಿಟ್ಟು ಮಾಡಿಸಿದವು ಎಷ್ಟೋ. ಬಂದ ಮೆಂಟರ್ ಆಕೆಯ ಪಕ್ಕದಲ್ಲೇ ಕೂತು ಹಿಂದಿನ ಹೆರಿಗೆಗಳ ಕೇಸ್ ಶೀಟ್ ಬಿಚ್ಚುತ್ತಾಳೆ. ಈ ತಾಯಿಯ ರಕ್ತದೊತ್ತಡ ದಾಖಲಾದಾಗ ಬರೆದಿದ್ದೀರಿ, ಆಮೇಲೆ ನೋಡಿದ್ದೀರಾ? ಈಕೆಯನ್ನು ರೆಫರ್ ಮಾಡಿದ್ದು ಎಷ್ಟು ಗಂಟೆಗೆ, ಕಳಿಸುವ ಮುನ್ನ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿರಾ? ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿದೆಯೋ ಟ್ರೇಯಲ್ಲೇ ಕೂತಿದೆಯೋ? ಬೊಂಬೆ ಮಗುವಿನ ಮುಖಕ್ಕೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ತೋರಿಸಿ, ಎದೆ ಏಳುವವರೆಗೆ ನೀವೂ ಮಾಡಿ ಎನ್ನುತ್ತಾಳೆ. ಕೇಸ್ ಶೀಟ್ ಎಂದರೆ ಮುಗಿದದ್ದನ್ನು ಬರೆದಿಡುವ ಕಾಗದ ಎಂದುಕೊಂಡಿದ್ದವರಿಗೆ, ಮುಂದೇನು ಮಾಡಬೇಕು ಎಂದು ಕೇಳುವ ಕಾಗದವೂ ಅದೇ ಎಂದು ತಿಳಿಯುವುದು ಹೀಗೆ.

ಬಂದವಳು ವೈದ್ಯೆಯಲ್ಲ, ತಪಾಸಣೆಗೆ ಬಂದ ಅಧಿಕಾರಿಯೂ ಅಲ್ಲ. ಇದು ಸಣ್ಣ ಮಾತಲ್ಲ. ಮೇಲಧಿಕಾರಿ ಬಂದರೆ ರಿಜಿಸ್ಟರ್ ಅಚ್ಚುಕಟ್ಟಾಗುತ್ತದೆ. ತನ್ನಂಥ ಸಿಸ್ಟರೊಬ್ಬಳು ಬಂದರೆ 'ಇದು ನನಗೆ ಬರೋದಿಲ್ಲ' ಎನ್ನಲು ಬಾಯಿ ಬರುತ್ತದೆ. ಔಷಧ ಸಾಮಗ್ರಿಯ ಲೆಕ್ಕವೂ ಬದಲಾದದ್ದು ನನಗೆ ಇನ್ನೂ ಕುತೂಹಲ ತಂದಿತು. ಹೆರಿಗೆಯ ನಂತರದ ರಕ್ತಸ್ರಾವ ನಿಭಾಯಿಸಲು ಬೇಕಾದುದೆಲ್ಲ ಇದ್ದ ಕೇಂದ್ರಗಳು ಮೆಂಟರ್ ಬಂದ ಕಡೆ 54ರಲ್ಲಿ 29, ಬಾರದ ಕಡೆ 54ರಲ್ಲಿ 12. ಮೆಂಟರ್ ಔಷಧ ಹೊತ್ತು ತರುವವಳಲ್ಲ. ಏನಿಲ್ಲ ಎಂದು ಗೊತ್ತಾದರೆ ತಾನೇ ಇಂಡೆಂಟ್ ಹಾಕುವುದು!

ಇಷ್ಟಾದರೂ ಹಿಗ್ಗುವಂತಿಲ್ಲ. ಉಸಿರಾಡದೆ ಹುಟ್ಟಿದ ಮಗುವಿಗೆ ಉಸಿರು ಕೊಡುವ ಕ್ರಮ ತಿಳಿದವರು ಮೆಂಟರ್ ಬಂದ ಕಡೆಯೂ ನೂರಕ್ಕೆ 48–49, ಬಾರದ ಕಡೆ 12. ನಾಲ್ಕು ಪಟ್ಟು ಹೆಚ್ಚಳ ಎಂದು ವರದಿಯಲ್ಲಿ ಬರೆಯಬಹುದು. ಆದರೆ ಅರ್ಧಕ್ಕಿಂತ ಹೆಚ್ಚು ಸಿಸ್ಟರ್‌ಗಳಿಗೆ ಆಗಲೂ ಅದು ಗೊತ್ತಿರಲಿಲ್ಲ. ಗರ್ಭಿಣಿಯ ಅಧಿಕ ರಕ್ತದೊತ್ತಡ ನಿಭಾಯಿಸಲು ಬೇಕಾದ ಸರಂಜಾಮು ಪೂರ್ತಿ ಇದ್ದದ್ದು ಮೆಂಟರ್ ಬಂದ 54ರಲ್ಲಿ 19 ಕಡೆ ಮಾತ್ರ. ಅಲ್ಲದೆ ಸಂದರ್ಶನದಲ್ಲಿ ಸರಿಯಾಗಿ ಹೇಳುವುದಕ್ಕೂ ನಡುರಾತ್ರಿ ಸರಿಯಾಗಿ ಮಾಡುವುದಕ್ಕೂ ಅಂತರವಿದೆ. ಆ ಅಧ್ಯಯನ ಅಳೆದದ್ದು ಸಿದ್ಧತೆಯನ್ನು, ಉಳಿದ ಜೀವಗಳನ್ನಲ್ಲ.

ಅಂತಾರಾಷ್ಟ್ರೀಯ ಸಹಭಾಗಿತ್ವದ ಹಳೆಯ ಮಾದರಿ ಬೇರೆ ಬಗೆಯದು. 1946ರಲ್ಲಿ ವೆಲ್ಲೂರಿನಲ್ಲೂ ದಿಲ್ಲಿಯಲ್ಲೂ ಪದವಿ ಮಟ್ಟದ ನರ್ಸಿಂಗ್ ಶಿಕ್ಷಣ ಶುರುವಾದಾಗ ಮುಂದೆ ನಿಂತವರಲ್ಲಿ ಅಮೆರಿಕದಿಂದ ಬಂದ ನರ್ಸ್‌ಗಳಿದ್ದರು. ಪಠ್ಯಕ್ರಮ ಬಂತು, ಶಿಸ್ತು ಬಂತು, ಕ್ರಮೇಣ ಭಾರತೀಯರೇ ಡೀನ್‌ಗಳಾದರು. ಆ ಋಣ ದೊಡ್ಡದೇ. ಆದರೆ ಆಗ ವಿದ್ಯೆ ಹರಿದದ್ದು ಪಶ್ಚಿಮದಿಂದ ಪೂರ್ವಕ್ಕೆ, ಕಾಲೇಜಿನಿಂದ ವಾರ್ಡಿಗೆ. ಈಗ ಹರಿವಿಗೆ ನಾನಾ ದಿಕ್ಕು. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಕಟ್ಟುವ 'ಕಾಂಗರೂ ಆರೈಕೆ' ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ, ಮಕ್ಕಳಿಗೆ ಸಾಕಾಗುವಷ್ಟು ಇನ್‌ಕ್ಯುಬೇಟರ್‌ಗಳೇ ಇಲ್ಲದ ಆಸ್ಪತ್ರೆಯಲ್ಲಿ. ಅದನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆಸಿದ ಸಂಶೋಧನೆಗೆ ಆಯ್ದ ಜಾಗಗಳಲ್ಲಿ ನಮ್ಮ ಕೊಪ್ಪಳವೂ ಒಂದು. ದಿನಕ್ಕೆ ಎಂಟು ತಾಸಾದರೂ ಮಗುವನ್ನು ಎದೆಗೊತ್ತಿ ಇಟ್ಟುಕೊಳ್ಳಬೇಕು ಎಂದು ಬಾಣಂತಿಗೆ ಹೇಳಿದರೆ ಸಾಲದು, ಪಕ್ಕದಲ್ಲಿ ಕೂತ ಅತ್ತೆಯನ್ನೂ ಒಪ್ಪಿಸಬೇಕು. ಆ ಮಾತಿನ ಚಾತುರ್ಯ ವಾರ್ಡಿನ ಸಿಸ್ಟರ್‌ಗಳಿಂದಲೇ ಕಲಿಯಬೇಕಾದದ್ದು.

ಮೆಂಟರ್ ಪದ್ಧತಿ ಉತ್ತರ ಪ್ರದೇಶದ ಹಿಂದುಳಿದ ಜಿಲ್ಲೆಗಳಿಗೂ ಹೋಯಿತು, ಮ್ಯಾನಿಟೋಬಾದ ಜೊತೆಗಾರಿಕೆ ಅಲ್ಲೂ ಇತ್ತು. ಬಿಹಾರ ತನ್ನದೇ ರೀತಿ ಹಿಡಿಯಿತು: ಇಬ್ಬಿಬ್ಬರು ನರ್ಸ್ ಮೆಂಟರ್‌ಗಳು ಒಂದೊಂದು ಆಸ್ಪತ್ರೆಯಲ್ಲಿ ತಿಂಗಳಿಗೊಂದು ವಾರ ಇದ್ದು ಕಲಿಸಿದರು. ಮೆಕ್ಸಿಕೊದಲ್ಲಿ ಪ್ರಯೋಗವಾಗಿದ್ದ 'ಪ್ರೊಂಟೊ' ಎಂಬ ತರಬೇತಿಯೂ ಅಲ್ಲಿಗೆ ಬಂತು. ಅದರ ಮುಖ್ಯ ಉಪಕರಣ ಒಂದು ಪ್ಯಾಂಟು! ಆಪರೇಷನ್ ಥಿಯೇಟರಿನಲ್ಲಿ ತೊಡುವ ಪ್ಯಾಂಟನ್ನೇ ಕತ್ತರಿಸಿ ಹೊಲಿದು ಮಾಡಿದ್ದು. ಒಬ್ಬ ನರ್ಸ್ ಅದನ್ನು ತೊಟ್ಟು ಗರ್ಭಿಣಿಯಾಗಿ ನಟಿಸುತ್ತಾಳೆ, ನೋವಿಗೆ ಕೂಗುತ್ತಾಳೆ, ಬೊಂಬೆ ಮಗು ಹೊರಬರುತ್ತದೆ, ಹಿಂದೆಯೇ ಕೃತಕ ರಕ್ತ ಹರಿಯುತ್ತದೆ. ಉಳಿದವರು ಆ ಗಲಿಬಿಲಿಯಲ್ಲೇ ಯಾರು ಏನು ಮಾಡಬೇಕೆಂದು ಕಲಿಯಬೇಕು. ಲಕ್ಷಾಂತರ ರೂಪಾಯಿಯ ಯಾಂತ್ರಿಕ ಬೊಂಬೆ ಕೊಂಡು ಬೀರುವಿನಲ್ಲಿ ಬೀಗ ಹಾಕಿಡುವ ಕಾಲೇಜುಗಳವರು ಇದನ್ನೊಮ್ಮೆ ನೋಡಬೇಕು.

ಕರ್ನಾಟಕದಲ್ಲಿ ನರ್ಸಿಂಗ್ ಸಂಶೋಧನೆಗೆ ಕೊರತೆಯೇನಿಲ್ಲ. 2005ರಲ್ಲಿ ಆರಂಭವಾದ ಪಿಎಚ್‌ಡಿಯ ರಾಷ್ಟ್ರೀಯ ಒಕ್ಕೂಟಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ನೆಲೆ. ಎಂಎಸ್ಸಿ ಪ್ರಬಂಧಗಳ ಕಪಾಟಿನ ಮುಂದೆ ನಿಂತರೆ ಮಾತ್ರ ಒಂದೇ ಶೀರ್ಷಿಕೆ ಮತ್ತೆ ಮತ್ತೆ ಎದುರಾಗುತ್ತದೆ: ಇಂಥ ವಿಷಯದ ಬಗ್ಗೆ ಇಂಥವರ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮ. ಪಾಠಕ್ಕೆ ಮುಂಚೆ ಪ್ರಶ್ನಾವಳಿ, ವಾರದ ನಂತರ ಅದೇ ಪ್ರಶ್ನಾವಳಿ. ಅಂಕ ಏರುತ್ತದೆ, ಏರದೆ ಎಲ್ಲಿಗೆ ಹೋಗುತ್ತದೆ? ಪಾಠವೊಂದೇ ಆದರೆ ಕೈಗೆ ಎಷ್ಟು ದಕ್ಕುತ್ತದೆ ಎಂಬುದಕ್ಕೆ ಬಳ್ಳಾರಿ–ಕಲಬುರಗಿಯ ಮೆಂಟರ್ ಬಾರದ 54 ಕೇಂದ್ರಗಳೇ ಉತ್ತರ ಹೇಳಿವೆ.

ಕೇಳಬೇಕಾದ ಪ್ರಶ್ನೆಗಳು ಅಲ್ಲಿಂದ ಮುಂದಿನವು. ಮೆಂಟರ್ ಬರುವುದು ನಿಂತ ಮೇಲೆ ಕಲಿತದ್ದು ಎಷ್ಟು ದಿನ ಉಳಿಯುತ್ತದೆ? ಕಲಿತ ಸಿಸ್ಟರ್ ವರ್ಗವಾಗಿ ಹೋದರೆ ಆ ಕೋಣೆಯ ಗತಿಯೇನು? ಹೊರದೇಶಕ್ಕೆ ಹೊರಡಲು ಭಾಷಾ ಪರೀಕ್ಷೆ ಕಟ್ಟುತ್ತಿರುವ ಅನುಭವಿ ನರ್ಸ್‌ಗೆ ಇಲ್ಲಿಯೇ ಮೆಂಟರ್ ಹುದ್ದೆ, ಅದಕ್ಕೆ ತಕ್ಕ ಸಂಬಳ ಕೊಟ್ಟರೆ ನಿಲ್ಲುತ್ತಾಳೆಯೇ? ವಿನಿಪೆಗ್‌ನವರು ಬಂದು ಕೇಳಲಿ ಎಂದು ಇದಕ್ಕೆ ಕಾಯಬೇಕಿಲ್ಲ. ಬಳ್ಳಾರಿಯ ನರ್ಸಿಂಗ್ ಕಾಲೇಜಿನ ಎಂಎಸ್ಸಿ ವಿದ್ಯಾರ್ಥಿನಿ ಬಸ್ ಹತ್ತಿ ಸಿರುಗುಪ್ಪದ ಕಡೆಯ ಯಾವುದಾದರೂ ಪಿಎಚ್‌ಸಿಗೆ ಹೋಗಿ ಕಳೆದ ತಿಂಗಳ ಕೇಸ್ ಶೀಟ್‌ಗಳನ್ನು ಬಿಚ್ಚಿದರೂ ಮೊದಲ ಎರಡಕ್ಕೆ ಉತ್ತರ ಸಿಗತೊಡಗುತ್ತದೆ. ಮೂರನೆಯದನ್ನು ಆರೋಗ್ಯ ಇಲಾಖೆ ಒಂದು ಜಿಲ್ಲೆಯಲ್ಲಿ ಮಾಡಿಯೇ ನೋಡಬೇಕು.